ಹೊನ್ನಾವರದ ನ್ಯಾಯಮೂರ್ತಿ: ವಿಶ್ವಕೋಶದ ಒಂದು ಬದುಕನ್ನು ಸಾಲುಸಾಲಾಗಿ ಓದಿದಾಗ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಲ್ಲಿ ಹುಟ್ಟಿದವರೊಬ್ಬರ ಬಗ್ಗೆ ವಿಶ್ವಕೋಶಕ್ಕೆ ನಾಲ್ಕು ಸಾಲು ಬರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಮೊದಲ ಸಾಲಿಗೇ ಕೈ ತಡೆಯುತ್ತದೆ. ಹುಟ್ಟಿದ ಜಿಲ್ಲೆ ಯಾವುದೆಂದು ಬರೆಯುವುದು? 1950ರಲ್ಲಿ ಹುಟ್ಟಿದವರಾದರೆ ಮೈಸೂರು ರಾಜ್ಯದ ಬೆಂಗಳೂರು ಜಿಲ್ಲೆ. 1990ರಲ್ಲಿ ಹುಟ್ಟಿದವರಾದರೆ ಕರ್ನಾಟಕದ ಬೆಂಗಳೂರು ಗ್ರಾಮಾಂತರ ಜಿಲ್ಲೆ. 1986ರಲ್ಲಿ ಹಳೆಯ ಜಿಲ್ಲೆ ಎರಡಾಗಿತ್ತು. 2010ರಲ್ಲಿ ಹುಟ್ಟಿದ ಮಗುವಾದರೆ ರಾಮನಗರ ಜಿಲ್ಲೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ 2007ರಲ್ಲಿ ಮಾಡಿದ ಜಿಲ್ಲೆ ಅದು. 2025ರಲ್ಲಿ ಅದಕ್ಕೂ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಇನ್ನೂ ಹಿಂದಕ್ಕೆ ಹೋದರೆ ತಾಲ್ಲೂಕಿನ ಹೆಸರೇ ಬೇರೆ. ಇಂದಿನ ಕನಕಪುರ ಆಗ ಕಾನಕಾನಹಳ್ಳಿ. ಊರು ಮಾತ್ರ ಇದ್ದಲ್ಲೇ ಇದೆ. ಅರ್ಕಾವತಿ ಬಂದು ಕಾವೇರಿಯನ್ನು ಕೂಡುವ ಸಂಗಮವೂ ಮೇಕೆದಾಟಿನ ಬಂಡೆಗಳೂ ಉಯ್ಯಂಬಳ್ಳಿ ಹೋಬಳಿಯ ಸೀಮೆಯಲ್ಲಿ ಹಾಗೆಯೇ ಇವೆ.

ಈ ತಾಪತ್ರಯ ಉಯ್ಯಂಬಳ್ಳಿಯದೊಂದೇ ಅಲ್ಲ. ಪಕ್ಕದ ರಾಮನಗರ ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಹೆಸರು ಅದಕ್ಕೆ ಅಂಟಿಕೊಂಡಿತ್ತು. ಕೆಂಗಲ್ ಹನುಮಂತಯ್ಯನವರು 1908ರಲ್ಲಿ ಹುಟ್ಟಿದ್ದು ಆ ಕ್ಲೋಸ್‌ಪೇಟೆಯ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ. ‘ಕರ್ನಾಟಕದ ರಾಮನಗರ ಜಿಲ್ಲೆಯಲ್ಲಿ ಜನಿಸಿದರು’ ಎಂದು ಬರೆದರೆ ಇಂದಿನ ಓದುಗನಿಗೆ ದಾರಿ ತಿಳಿಯುತ್ತದೆ, ನಿಜ. ಆದರೆ 1908ರಲ್ಲಿ ಆ ಹೆಸರಿನ ರಾಜ್ಯವೂ ಇರಲಿಲ್ಲ, ಆ ಹೆಸರಿನ ಜಿಲ್ಲೆಯೂ ಇರಲಿಲ್ಲ.

ವಿಶ್ವಕೋಶದ ಜೀವನಚರಿತ್ರೆಯನ್ನು ಪರಾಮರ್ಶಿಸುವ ಕೆಲಸ ಇಂಥ ಸಣ್ಣ ಸಂಗತಿಗಳಿಂದಲೇ ಶುರುವಾಗುತ್ತದೆ. ಒಬ್ಬರು ಬರೆದ ನಮೂದನ್ನು ಇನ್ನೊಬ್ಬರು ಕೈಗೆತ್ತಿಕೊಂಡು ಪ್ರತಿ ಸಾಲಿಗೂ ‘ಇದು ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಅವರಿಗೆ ಹೇಗೆ ಗೊತ್ತು’ ಎಂದು ಕೇಳುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ 1969ರಿಂದ ಹೊರತಂದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶದಂಥ ಗ್ರಂಥಗಳಲ್ಲಿ ಇದು ಸಂಪಾದಕರ ಮೇಜಿನ ಮೇಲೆ ನಡೆಯುವ ಕೆಲಸ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಅದನ್ನು ಯಾರು ಬೇಕಾದರೂ ಮಾಡಬಹುದು. ಉಯ್ಯಂಬಳ್ಳಿಯಲ್ಲಿ ಕುಳಿತು ಫೋನಿನಲ್ಲಿ ಓದುತ್ತಿರುವ ಕಾಲೇಜು ಹುಡುಗಿಯೂ ಮಾಡಬಹುದು.

ಈ ಕೆಲಸ ಹೇಗೆ ನಡೆಯುತ್ತದೆಂದು ನೋಡಲು ಒಂದು ನಿಜವಾದ ಬದುಕು ಬೇಕು. ಸರ್ ನಾರಾಯಣ ಗಣೇಶ ಚಂದಾವರಕರ್ ಅವರದು ಅದಕ್ಕೆ ಹೇಳಿ ಮಾಡಿಸಿದಂತಿದೆ. 1855ರ ಡಿಸೆಂಬರ್ 2ರಂದು ಹೊನ್ನಾವರದಲ್ಲಿ ಹುಟ್ಟಿದವರು. ಮುಂಬಯಿಯ ವಕೀಲರು, ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕರು, 1900ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರು, 1901ರಿಂದ ಬೊಂಬಾಯಿ ಹೈಕೋರ್ಟಿನ ನ್ಯಾಯಮೂರ್ತಿ, ಮುಂಬಯಿ ವಿಶ್ವವಿದ್ಯಾಲಯದ ಕುಲಪತಿ, ಪ್ರಾರ್ಥನಾ ಸಮಾಜದ ನಾಯಕರು. ತೀರಿಕೊಂಡದ್ದು 1923ರ ಮೇ 14ರಂದು. ಶರಾವತಿ ಕಡಲು ಸೇರುವ ಊರಿನಿಂದ ಹೊರಟು ಇಷ್ಟೆಲ್ಲ ಆದ ಮನುಷ್ಯನ ಹೆಸರು ಇಂದು ಕನ್ನಡದ ಓದುಗರಲ್ಲಿ ಬಹುಪಾಲು ಜನರಿಗೆ ಗೊತ್ತಿಲ್ಲ. ಅವರ ಬಗ್ಗೆ ಇರುವ ಬರಹಗಳನ್ನು ಎಚ್ಚರಿಕೆಯಿಂದ ಓದಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಹೆಸರುವಾಸಿಯಾದವರ ಬಗ್ಗೆ ತಪ್ಪು ಬರೆದರೆ ಹತ್ತು ಜನ ತಿದ್ದುತ್ತಾರೆ; ಅರ್ಧ ಮರೆತುಹೋದವರ ಬಗ್ಗೆ ತಪ್ಪು ಬರೆದರೆ ಆ ತಪ್ಪೇ ಒಂದು ಪುಸ್ತಕದಿಂದ ಮತ್ತೊಂದಕ್ಕೆ ನಡೆದುಹೋಗುತ್ತದೆ.

ಪರಾಮರ್ಶೆ ಹೇಗೆ ನಡೆಯುತ್ತದೆಂದು ತೋರಿಸಲು ಒಂದು ಮಾದರಿ ಸಾಲನ್ನು ಇಲ್ಲೇ ಕಟ್ಟಿಕೊಳ್ಳೋಣ. ಇಂಥ ನಮೂದುಗಳ ಆರಂಭ ಸಾಮಾನ್ಯವಾಗಿ ಹೀಗಿರುತ್ತದೆ: “ಬೊಂಬಾಯಿ ಪ್ರಾಂತ್ಯದ ಹೊನ್ನಾವರದಲ್ಲಿ ಜನಿಸಿದ ಸರ್ ನಾರಾಯಣ ಚಂದಾವರಕರ್ ಮಹಾರಾಷ್ಟ್ರದ ಮಹಾನ್ ನಾಯಕರು, ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿಗಳು.” ಓದಲು ಹಿತವಾಗಿದೆ, ಎಲ್ಲೂ ಎಡವುವುದಿಲ್ಲ. ಆದರೆ ಇದರೊಳಗೆ ನಾಲ್ಕೈದು ತೊಡಕುಗಳು ಕೂತಿವೆ.

ಮೊದಲನೆಯದು ಬೊಂಬಾಯಿ ಪ್ರಾಂತ್ಯ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕರಾವಳಿಯ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು, ಅದನ್ನು ಮದ್ರಾಸಿನಿಂದ ಆಳಿದರು. 1860ರ ಹೊತ್ತಿಗೆ ಆ ಉದ್ದನೆಯ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಒಡೆದರು. 1862ರಲ್ಲಿ ಉತ್ತರದ ಭಾಗವನ್ನಷ್ಟೇ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಂದರೆ 1855ರ ಡಿಸೆಂಬರಿನಲ್ಲಿ ಹೊನ್ನಾವರ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಊರು ಬೊಂಬಾಯಿಗೆ ಸೇರಿದಾಗ ಹುಡುಗನಿಗೆ ಆರೇಳು ವರ್ಷ. ಆಮೇಲೆ 1956ರ ನವೆಂಬರ್ 1ರಂದು ಅದೇ ಊರು ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ‘ಬೊಂಬಾಯಿ ಪ್ರಾಂತ್ಯದ ಹೊನ್ನಾವರ’ ಎಂಬ ಮಾತು ಅವರ ಬಗೆಗಿನ ಬರಹಗಳಲ್ಲಿ ಸಲೀಸಾಗಿ ಬರುವುದಕ್ಕೆ ಕಾರಣ ಸರಳ: ಅವರು ದೊಡ್ಡವರಾಗಿದ್ದು, ಹೆಸರು ಮಾಡಿದ್ದು ಬೊಂಬಾಯಿಯಲ್ಲಿ. ಮುಂದಿನ ಬದುಕಿನ ವಿಳಾಸವನ್ನು ಹುಟ್ಟಿಗೂ ಬರೆದುಬಿಟ್ಟಿದ್ದಾರೆ.

ಇದರಿಂದ ಏನು ವ್ಯತ್ಯಾಸವಾಯಿತು ಎಂದು ಕೇಳಬಹುದು. ವ್ಯತ್ಯಾಸವಿದೆ. 1862ರ ಆ ವರ್ಗಾವಣೆಯಾದ ಮೇಲೆ ಉತ್ತರ ಕನ್ನಡದ ಹುಡುಗರ ಓದಿನ ದಾರಿ ತಿರುಗಿತು. ಪಕ್ಕದ ಮಂಗಳೂರು, ಉಡುಪಿಯ ಹುಡುಗರು ಮದ್ರಾಸಿನತ್ತ ಮುಖ ಮಾಡಿದರೆ, ಹೊನ್ನಾವರ, ಕುಮಟಾದ ಹುಡುಗರು ಮುಂಬಯಿಯ ಕಡೆಗೆ ಹೊರಟರು. ಚಂದಾವರಕರ್ ಓದಿದ್ದು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ, ಅಲ್ಲೇ ಕೆಲಕಾಲ ದಕ್ಷಿಣಾ ಫೆಲೋ ಆಗಿದ್ದರು, 1881ರಲ್ಲಿ ಕಾನೂನು ಪದವಿ ಪಡೆದರು. ಅವರು ಕೂತ ಹೈಕೋರ್ಟಿಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಮೇಲ್ಮನವಿಗಳೂ ಬರುತ್ತಿದ್ದವು. ಸರ್ಕಾರಿ ಕಾಗದದ ಮೇಲೆ ಎಳೆದ ಒಂದು ಗೆರೆ ಹೊನ್ನಾವರದ ಮನೆಗಳ ದಿಕ್ಕನ್ನೇ ಬದಲಿಸಿತು. ಹುಟ್ಟಿದ ಪ್ರಾಂತ್ಯವನ್ನು ತಪ್ಪಾಗಿ ಬರೆದರೆ ಈ ಕಥೆಯೇ ಕಾಣದೆ ಹೋಗುತ್ತದೆ.

ಎರಡನೆಯದು ‘ಮಹಾರಾಷ್ಟ್ರದ’. ಮಹಾರಾಷ್ಟ್ರ ರಾಜ್ಯ ಹುಟ್ಟಿದ್ದು 1960ರಲ್ಲಿ, ಅವರು ತೀರಿಕೊಂಡು ಮೂವತ್ತೇಳು ವರ್ಷಗಳ ನಂತರ. ಹೆಸರಿನ ಕೊನೆಯ ‘ಕರ್’ ನೋಡಿ ಮರಾಠಿಯವರೆಂದು ತಿಳಿಯುವುದು ಸುಲಭ. ಆದರೆ ಕರಾವಳಿಯ ಸಾರಸ್ವತರಲ್ಲಿ ಊರಿನ ಹೆಸರೇ ಮನೆತನದ ಹೆಸರಾಗುವುದು ವಾಡಿಕೆ. ಹೊನ್ನಾವರ-ಕುಮಟಾ ಸೀಮೆಯ ಚಂದಾವರದಿಂದ ಚಂದಾವರಕರ್, ಭಟ್ಕಳದ ಕಡೆಯ ಕಾಯ್ಕಿಣಿಯಿಂದ ಕಾಯ್ಕಿಣಿ. ಕಾಯ್ಕಿಣಿ ಎಂದೊಡನೆ ಕನ್ನಡದ ಓದುಗರಿಗೆ ಗೌರೀಶರೂ ಜಯಂತರೂ ನೆನಪಾಗುತ್ತಾರೆ. ಚಂದಾವರಕರರ ಸೋದರಮಾವ ಶಾಮರಾವ್ ವಿಠ್ಠಲ ಕಾಯ್ಕಿಣಿ. ಮುಂಬಯಿಯಲ್ಲಿ ನೆಲೆಸಿದ ಸಾರಸ್ವತರಿಗೆ ದಾರಿ ತೋರಿದ ಸುಧಾರಕ ಅವರು. ಅವರ ಹೆಸರಿನಲ್ಲಿಯೇ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕು ತೆರೆದರು. ಕೊಂಕಣಿಯ ಮನೆ, ಕನ್ನಡದ ಊರು, ಮರಾಠಿ-ಗುಜರಾತಿಯ ನಗರ, ಇಂಗ್ಲಿಷಿನ ಕೋರ್ಟು: ಇವೆಲ್ಲ ಒಬ್ಬನೇ ಮನುಷ್ಯನ ಬದುಕಿನಲ್ಲಿವೆ. ಅವರನ್ನು ಒಂದೇ ಭಾಷೆಯ ಖಾತೆಗೆ ಬರೆಯಲು ಹೊರಟ ನಮೂದು ಉಳಿದ ಮೂರನ್ನು ಅಳಿಸಬೇಕಾಗುತ್ತದೆ. ‘ಮಹಾನ್ ಕನ್ನಡಿಗ’ ಎಂದು ನಾವು ಎಳೆದುಕೊಂಡರೂ ಅಷ್ಟೇ ತಪ್ಪಾಗುತ್ತದೆ.

‘ಮಹಾನ್’ ಎಂಬ ಪದವೂ ಹೋಗಬೇಕು. ವಿಶ್ವಕೋಶ ಹೊಗಳುವುದಿಲ್ಲ. ಯಾರೋ ಹೊಗಳಿದ್ದರೆ ಯಾರು, ಎಲ್ಲಿ ಎಂದು ಹೇಳುತ್ತದೆ. ಅಭಿನಂದನಾ ಗ್ರಂಥಕ್ಕೂ ವಿಶ್ವಕೋಶಕ್ಕೂ ಇರುವ ಅಂತರ ಇದು. ಕನ್ನಡದಲ್ಲಿ ಈ ಅಂತರ ಆಗಾಗ ಮಸುಕಾಗುತ್ತದೆ. ಗೌರವ ತೋರಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಮಸುಕಾಗುತ್ತದೆ. ಬಹುವಚನದಲ್ಲಿ ಬರೆಯುವುದು ನಮ್ಮ ಭಾಷೆಯ ಮರ್ಯಾದೆ, ಅದು ಇರಲಿ. ಆದರೆ ‘ಧೀಮಂತ’, ‘ಅಪ್ರತಿಮ’, ‘ಮೇರು’ ಎಂಬ ವಿಶೇಷಣಗಳು ಒಂದು ಸಂಗತಿ ನಿಲ್ಲಬೇಕಾದ ಜಾಗವನ್ನು ತಿಂದುಹಾಕುತ್ತವೆ.

ಇನ್ನು ‘ಸರ್’ ಮತ್ತು ‘ನ್ಯಾಯಮೂರ್ತಿ’. ಅವರಿಗೆ ಸರ್ ಪದವಿ ಬಂದದ್ದು 1910ರಲ್ಲಿ. 1885ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ, ಮೂವತ್ತರ ಹೊಸ್ತಿಲಿನಲ್ಲಿದ್ದ ವಕೀಲನನ್ನು ‘ಸರ್ ನಾರಾಯಣ’ ಎಂದು ಕರೆದರೆ ಆ ಪ್ರಯಾಣದ ಎದೆಗಾರಿಕೆಯೇ ಕರಗುತ್ತದೆ. ಸಮುದ್ರ ದಾಟಿದವರನ್ನು ಜಾತಿಯಿಂದ ಹೊರಗಿಡುವ ಮಾತು ಇನ್ನೂ ಜೀವಂತವಾಗಿದ್ದ ಕಾಲ ಅದು. ಇಂಗ್ಲೆಂಡಿನ ಮಹಾಚುನಾವಣೆಗೆ ಮುನ್ನ ಅಲ್ಲಿನ ಮತದಾರರಿಗೆ ಭಾರತದ ಕಷ್ಟ ತಿಳಿಸಲು ಮೂರು ಪ್ರಾಂತ್ಯಗಳಿಂದ ಮೂವರು ಹೋಗಿದ್ದರು: ಬಂಗಾಳದಿಂದ ಮನಮೋಹನ ಘೋಷ್, ಮದ್ರಾಸಿನಿಂದ ಎಸ್. ರಾಮಸ್ವಾಮಿ ಮೊದಲಿಯಾರ್, ಬೊಂಬಾಯಿಯಿಂದ ಚಂದಾವರಕರ್.

ಹಾಗೆಯೇ ‘ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ’ ಎಂಬ ಮಾತು. ಎರಡೂ ಹುದ್ದೆ ಒಟ್ಟಿಗೆ ಇದ್ದವೇನೋ ಎಂದು ಓದುಗ ತಿಳಿಯುತ್ತಾನೆ. ಲಾಹೋರಿನ ಕಾಂಗ್ರೆಸ್ ಅಧಿವೇಶನ ನಡೆದದ್ದು 1900ರ ಡಿಸೆಂಬರ್ ಕೊನೆಯ ವಾರದಲ್ಲಿ. 1901ರ ಜನವರಿ 16ರಂದು ಬೊಂಬಾಯಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಮಹಾದೇವ ಗೋವಿಂದ ರಾನಡೆ ತೀರಿಕೊಂಡರು. ಅದೇ ವರ್ಷ ಚಂದಾವರಕರ್ ಹೈಕೋರ್ಟಿನ ಪೀಠ ಏರಿದರು. ಹತ್ತೊಂಬತ್ತನೇ ಶತಮಾನದ ಕಟ್ಟಕಡೆಯ ದಿನಗಳಲ್ಲಿ ಅವರು ರಾಜಕಾರಣಿ, ಇಪ್ಪತ್ತನೆಯದರ ಮೊದಲ ವರ್ಷದಲ್ಲಿ ನ್ಯಾಯಾಧೀಶ. ಈ ತಿರುವೇ ಅವರ ಬದುಕಿನ ನಡುಗಂಬ. ಅದನ್ನು ಒಂದೇ ಸಾಲಿನಲ್ಲಿ ಕಲಸಿಬಿಟ್ಟರೆ ನಮೂದಿಗೆ ಬೆನ್ನೆಲುಬು ಇರುವುದಿಲ್ಲ.

ಇಂದಿನ ಓದುಗನಿಗೆ ಇಲ್ಲಿ ಒಂದು ಪ್ರಶ್ನೆ ಏಳದೆ ಇರದು: ಪಕ್ಷದ ಅಧ್ಯಕ್ಷರಾದವರು ಮಾರನೆಯ ವರ್ಷ ಹೈಕೋರ್ಟ್ ನ್ಯಾಯಮೂರ್ತಿಯಾಗುವುದೆಂದರೇನು? ಆ ಕಾಲದ ಕಾಂಗ್ರೆಸ್ ಇಂದಿನ ಅರ್ಥದ ಪಕ್ಷವಾಗಿರಲಿಲ್ಲ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಸೇರಿ ಠರಾವು ಮಾಡಿ ಸರ್ಕಾರಕ್ಕೆ ಅಹವಾಲು ಕಳಿಸುತ್ತಿದ್ದ ವಿದ್ಯಾವಂತರ ಸಭೆ ಅದು, ಅವರಲ್ಲಿ ವಕೀಲರೇ ಹೆಚ್ಚು. ಕಾಶೀನಾಥ ತ್ರ್ಯಂಬಕ ತೆಲಂಗ್ 1889ರಲ್ಲಿ ಬೊಂಬಾಯಿಯ ನ್ಯಾಯಮೂರ್ತಿಯಾದರು. 1893ರಲ್ಲಿ ಅವರು ತೀರಿಕೊಂಡಾಗ ಆ ಜಾಗಕ್ಕೆ ರಾನಡೆ ಬಂದರು, ರಾನಡೆ ಹೋದ ಮೇಲೆ ಚಂದಾವರಕರ್. 1887ರ ಕಾಂಗ್ರೆಸ್ ಅಧ್ಯಕ್ಷ ಬದ್ರುದ್ದೀನ್ ತ್ಯಾಬ್ಜಿ 1895ರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿ. 1897ರ ಅಧ್ಯಕ್ಷ ಚೆಟ್ಟೂರು ಶಂಕರನ್ ನಾಯರ್ 1908ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ. ಈ ಸಾಲನ್ನು ಪಕ್ಕದಲ್ಲಿಟ್ಟು ನೋಡಿದಾಗ ಚಂದಾವರಕರರ ನೇಮಕ ವಿಚಿತ್ರವಾಗಿ ಕಾಣುವುದಿಲ್ಲ. ‘ಸರ್ಕಾರ ಅವರನ್ನು ಹುದ್ದೆ ಕೊಟ್ಟು ಒಲಿಸಿಕೊಂಡಿತು’ ಎಂದು ಬರೆಯಬೇಕಾದರೆ ಹಾಗೆಂದು ತೋರಿಸುವ ದಾಖಲೆ ಬೇಕು. ಎರಡು ಘಟನೆ ಒಂದರ ಹಿಂದೊಂದು ಆದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ಬದುಕಿನ ಕಥೆ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಇದಕ್ಕಿಂತ ಕಠಿಣವಾದ ಜಾಗ 1910. ನಾಸಿಕದ ಕಲೆಕ್ಟರ್ ಜಾಕ್ಸನ್‌ರನ್ನು 1909ರ ಡಿಸೆಂಬರಿನಲ್ಲಿ ಅನಂತ ಕಾನ್ಹೇರೆ ಗುಂಡಿಟ್ಟು ಕೊಂದ ಮೇಲೆ ನಾಸಿಕ ಪಿತೂರಿ ಪ್ರಕರಣ ಶುರುವಾಯಿತು. ಅದರ ವಿಚಾರಣೆಗೆ ಜ್ಯೂರಿ ಇಲ್ಲದ, ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೂತಿತು: ಮುಖ್ಯ ನ್ಯಾಯಮೂರ್ತಿ ಬೇಸಿಲ್ ಸ್ಕಾಟ್, ನ್ಯಾಯಮೂರ್ತಿ ಹೀಟನ್ ಮತ್ತು ಚಂದಾವರಕರ್. 1910ರ ಡಿಸೆಂಬರಿನಲ್ಲಿ ಆ ಪೀಠ ವಿನಾಯಕ ದಾಮೋದರ ಸಾವರ್ಕರ್ ಅವರಿಗೆ ಕರಿನೀರಿನ ಶಿಕ್ಷೆ ವಿಧಿಸಿತು. ಹತ್ತು ವರ್ಷದ ಹಿಂದೆ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಲ್ಲಿದ್ದವರು ಈಗ ಈ ಪೀಠದಲ್ಲಿದ್ದರು. ಚಂದಾವರಕರರನ್ನು ಮೆಚ್ಚುವವರು ಈ ಸಂಗತಿಯನ್ನು ಬಿಟ್ಟುಬಿಡಬಹುದು. ಮೆಚ್ಚದವರು ಇದೊಂದನ್ನೇ ಹಿಡಿದು ಇಡೀ ಬದುಕನ್ನು ಅಳೆಯಬಹುದು. ಪರಾಮರ್ಶಕರು ಎರಡಕ್ಕೂ ಒಪ್ಪಬಾರದು. ಪೀಠದಲ್ಲಿ ಯಾರಿದ್ದರು, ಯಾವ ಕಾನೂನಿನಡಿ ವಿಚಾರಣೆ ನಡೆಯಿತು, ತೀರ್ಪು ಏನಾಯಿತು ಎನ್ನುವುದು ನಮೂದಿನಲ್ಲಿ ಇರಲೇಬೇಕು, ಅದೂ ತೂಕ ತಪ್ಪದ ಮಾತಿನಲ್ಲಿ. ಅದೇ ಮನುಷ್ಯ 1920ರಲ್ಲಿ ಜಲಿಯನ್‌ವಾಲಾ ಬಾಗಿನ ಬಗ್ಗೆ ಹಂಟರ್ ಸಮಿತಿ ಕೊಟ್ಟ ವರದಿಯನ್ನು ಖಂಡಿಸಲು ಮುಂಬಯಿಯಲ್ಲಿ ಸೇರಿದ ಸಾರ್ವಜನಿಕ ಸಭೆಯ ಅಧ್ಯಕ್ಷತೆ ವಹಿಸಿದರು ಎಂಬುದೂ ಅಷ್ಟೇ ಮುಖ್ಯ. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಪ್ರತಿ ವಾಕ್ಯ ಸರಿಯಿದ್ದೂ ಇಡೀ ಚಿತ್ರ ಸುಳ್ಳಾಗುತ್ತದೆ.

ಕೀರ್ತಿ ಯಾರಿಗೆ ಸೇರಬೇಕು ಎನ್ನುವುದೂ ಪರಾಮರ್ಶೆಯ ಮಾತೇ. 1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭವಾಯಿತು. ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಜನರ ಮಕ್ಕಳಿಗೆ ಶಾಲೆ ತೆರೆಯುವುದು ಅದರ ಮೊದಲ ಕೆಲಸವಾಗಿತ್ತು. ಅಧ್ಯಕ್ಷರು ಚಂದಾವರಕರ್. ಹಾಗಾಗಿ ‘ಮಿಷನ್ ಸ್ಥಾಪಿಸಿದರು’ ಎಂದು ಅವರ ನಮೂದಿನಲ್ಲಿ ಬರೆಯುವುದು ಸುಲಭ. ಆದರೆ ಅದನ್ನು ಕಟ್ಟಿದವರು, ಕೇರಿ ಕೇರಿ ಅಲೆದು ಅದಕ್ಕಾಗಿ ದುಡಿದವರು ವಿಠ್ಠಲ ರಾಮಜಿ ಶಿಂಧೆ. ಅವರು 1873ರಲ್ಲಿ ಹುಟ್ಟಿದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಪ್ರಾರ್ಥನಾ ಸಮಾಜದ ಇಬ್ಬರು ಕರ್ನಾಟಕದ ನೆಲದವರು ಮುಂಬಯಿಯಲ್ಲಿ ಒಂದೇ ಸಂಸ್ಥೆಯಲ್ಲಿ ಕೈಜೋಡಿಸಿದ್ದರು ಎಂಬುದು ಎಷ್ಟು ಚೆಂದದ ಸಂಗತಿ! ‘ಸ್ಥಾಪಿಸಿದರು’ ಎಂಬ ಒಂದೇ ಕ್ರಿಯಾಪದ ಅದನ್ನು ಮುಚ್ಚಿಬಿಡುತ್ತದೆ. ನ್ಯಾಯಮೂರ್ತಿಯ ಹೆಸರು ದೊಡ್ಡದು, ಅದು ಸಂಸ್ಥೆಗೆ ಬಲ ಕೊಟ್ಟಿತು, ದುಡಿಮೆ ಶಿಂಧೆಯವರದು. ಎರಡನ್ನೂ ಬೇರೆ ಬೇರೆ ಹೇಳಲು ಎರಡು ವಾಕ್ಯ ಸಾಕು.

ಒಂದೇ ಮನೆತನದ ಹೆಸರುಗಳ ಗೋಜಲು ಬೇರೆ. ವಿಠ್ಠಲ ನಾರಾಯಣ ಚಂದಾವರಕರ್ ಇವರ ಮಗ. ಅವರಿಗೂ ಸರ್ ಪದವಿ ಬಂತು, ಅವರೂ 1930ರ ದಶಕದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯಾದರು. ‘ಸರ್ ಚಂದಾವರಕರ್, ಕುಲಪತಿ’ ಎಂಬ ಹಳೆಯ ಚಿತ್ರದ ಅಡಿಬರಹ ಸಿಕ್ಕರೆ ತಂದೆಯೋ ಮಗನೋ ಎಂದು ವರ್ಷ ನೋಡಿಯೇ ತೀರ್ಮಾನಿಸಬೇಕು. 1955ರಲ್ಲಿ ಇವರ ಜೀವನಚರಿತ್ರೆ ಬರೆದ ಜಿ.ಎಲ್. ಚಂದಾವರಕರ್ ಅವರದೂ ಅದೇ ಅಡ್ಡಹೆಸರು. ಹುಡುಕುವಾಗ ಕಾಗುಣಿತವೂ ಕಾಡುತ್ತದೆ: ಅವರ ಭಾಷಣ-ಬರಹಗಳ 1911ರ ಇಂಗ್ಲಿಷ್ ಸಂಪುಟದ ಮೇಲೆ ಹೆಸರು ಅಚ್ಚಾಗಿರುವುದು ‘ನಾರಾಯೆನ್’ ಎಂದು.

ಈಗ ಆಧಾರಗಳ ಮಾತು. ಜಿ.ಎಲ್. ಚಂದಾವರಕರ್ ಒಂದು ಸೊಗಸಾದ ಸಂಗತಿ ಬರೆದಿದ್ದಾರೆ: ಇಂಗ್ಲೆಂಡಿಗೆ ಹೋದ ಮೂವರು ಪ್ರತಿನಿಧಿಗಳು ಹಿಂದಿರುಗಿ ಬಂದಿಳಿದದ್ದು 1885ರ ಡಿಸೆಂಬರ್ 28ರಂದು, ಅಂದರೆ ಮುಂಬಯಿಯ ಗೋಕುಲದಾಸ್ ತೇಜಪಾಲ್ ಸಂಸ್ಕೃತ ಕಾಲೇಜಿನಲ್ಲಿ 72 ಪ್ರತಿನಿಧಿಗಳು ಸೇರಿ ಕಾಂಗ್ರೆಸ್ ಶುರುಮಾಡಿದ ದಿನವೇ. ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಕಾಕತಾಳೀಯ ಬೇಕಿಲ್ಲ. ಇಷ್ಟು ಸೊಗಸಾಗಿರುವುದರಿಂದಲೇ ಪರಾಮರ್ಶಕ ಇಲ್ಲಿ ನಿಲ್ಲುತ್ತಾನೆ. ಅನುಮಾನದಿಂದಲ್ಲ, ಕ್ರಮದಿಂದ. ಜೀವನಚರಿತ್ರೆ ಬರೆದದ್ದು ಆ ದಿನದಿಂದ ಎಪ್ಪತ್ತು ವರ್ಷದ ಮೇಲೆ. ಆಗಿನ ಮುಂಬಯಿಯ ದಿನಪತ್ರಿಕೆಗಳು ಬಂದ ಹಡಗುಗಳ ಪಟ್ಟಿಯನ್ನೂ ಇಳಿದ ಪ್ರಯಾಣಿಕರ ಹೆಸರುಗಳನ್ನೂ ಅಚ್ಚುಮಾಡುತ್ತಿದ್ದವು. ಆ ವಾರದ ಪತ್ರಿಕೆಯನ್ನು ತೆರೆದು ನೋಡಿದರೆ ಸಂಗತಿ ಗಟ್ಟಿಯಾಗುತ್ತದೆ ಅಥವಾ ಬದಲಾಗುತ್ತದೆ. ಅಲ್ಲಿಯವರೆಗೆ ನಮೂದಿನಲ್ಲಿ ‘ಎಂದು ಜೀವನಚರಿತ್ರೆಕಾರರು ಬರೆದಿದ್ದಾರೆ’ ಎಂಬ ಮೂರು ಪದ ಸೇರಿಸಿದರೆ ಯಾರಿಗೂ ಅನ್ಯಾಯವಾಗದು.

ಇನ್ನೊಂದು ಮಾತು ಇದಕ್ಕಿಂತ ಭಾರವಾದದ್ದು. 1921ರಲ್ಲಿ ಗಾಂಧೀಜಿ ಕಾನೂನುಭಂಗ ಚಳವಳಿಯನ್ನು ಕೈಬಿಟ್ಟದ್ದು ಚಂದಾವರಕರರ ಸಲಹೆಯಿಂದ ಎಂಬ ಹೇಳಿಕೆ ಅವರ ಬಗೆಗಿನ ಬರಹಗಳಲ್ಲಿ ಕಾಣಸಿಗುತ್ತದೆ. ಇದನ್ನು ಆ ವರ್ಷಗಳ ದಿನಚರಿಯ ಪಕ್ಕ ಇಟ್ಟು ನೋಡಬೇಕು. 1921ರ ನವೆಂಬರ್ 17ರಂದು ವೇಲ್ಸ್ ರಾಜಕುಮಾರ ಮುಂಬಯಿಗೆ ಬಂದಿಳಿದಾಗ ಗಲಭೆ ಎದ್ದಿತು. ಗಾಂಧೀಜಿ ಉಪವಾಸ ಕೂತರು, ಬಾರ್ಡೋಲಿಯಲ್ಲಿ ಶುರುವಾಗಬೇಕಿದ್ದ ಕಾನೂನುಭಂಗ ಚಳವಳಿಯನ್ನು ಮುಂದೂಡಿದರು. 1922ರ ಫೆಬ್ರವರಿ 4ರಂದು ಚೌರಿಚೌರಾದಲ್ಲಿ ಪೊಲೀಸರನ್ನು ಸುಟ್ಟುಕೊಂದ ಮೇಲೆ ಚಳವಳಿಯನ್ನೇ ನಿಲ್ಲಿಸಿದರು. ಸಲಹೆ ಕೊಟ್ಟವರು ಅನೇಕರಿದ್ದಿರಬಹುದು, ಹಿರಿಯರಾದ ಚಂದಾವರಕರರೂ ಕೊಟ್ಟಿರಬಹುದು. ಆದರೆ ಒಬ್ಬರ ಸಲಹೆಯಿಂದಲೇ ದೇಶದ ಚಳವಳಿ ನಿಂತಿತು ಎನ್ನಬೇಕಾದರೆ ಗಾಂಧೀಜಿಯವರ ಸ್ವಂತ ಬರಹದಿಂದಲೋ ಪತ್ರದಿಂದಲೋ ಆಧಾರ ಬೇಕು. ತಮ್ಮ ನಾಯಕನನ್ನು ದೊಡ್ಡವರ ಪಕ್ಕ ನಿಲ್ಲಿಸುವ ಆಸೆ ಎಲ್ಲ ಜೀವನಚರಿತ್ರೆಕಾರರಿಗೂ ಇರುತ್ತದೆ. ವಿಶ್ವಕೋಶ ಆ ಆಸೆಗೆ ಸೋಲಬಾರದು.

ತಪ್ಪುಗಳಿಗೆ ಹೊಸ ಕಾಲವೇ ಕಾರಣ ಎನ್ನುವವರಿದ್ದಾರೆ. ಅದು ಸರಿಯಲ್ಲ. ಅಮೆರಿಕದಲ್ಲಿ 1887ರ ಆಸುಪಾಸಿನಲ್ಲಿ ಪ್ರಕಟವಾದ ಆಪಲ್ಟನ್ ಜೀವನಚರಿತ್ರೆ ಕೋಶ ಆ ದೇಶದ ಮಾನ್ಯ ಗ್ರಂಥವಾಗಿತ್ತು. 1919ರಲ್ಲಿ ಬಾರ್ನ್‌ಹಾರ್ಟ್ ಎಂಬ ಸಸ್ಯಶಾಸ್ತ್ರಜ್ಞರು ಅದರಲ್ಲಿದ್ದ ಹದಿನಾಲ್ಕು ಸಸ್ಯವಿಜ್ಞಾನಿಗಳು ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲವೆಂದು ತೋರಿಸಿಕೊಟ್ಟರು. ಯಾರೋ ಕಲ್ಪಿಸಿ ಬರೆದ ಬದುಕುಗಳು ದಪ್ಪ ರಟ್ಟಿನ ಒಳಗೆ ಮೂವತ್ತು ವರ್ಷ ಸುಖವಾಗಿದ್ದವು. 2005ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಜಾನ್ ಸೈಗೆಂಥಾಲರ್ ಎಂಬ ಹಿರಿಯ ಪತ್ರಕರ್ತರ ಬಗ್ಗೆ ಯಾರೋ ಬರೆದ ಹಸಿ ಸುಳ್ಳು ನಾಲ್ಕು ತಿಂಗಳು ಹಾಗೇ ಉಳಿದಿತ್ತು. ಅದೇ ವರ್ಷದ ಕೊನೆಗೆ ‘ನೇಚರ್’ ಪತ್ರಿಕೆ ವಿಜ್ಞಾನದ 42 ವಿಷಯಗಳನ್ನು ತಜ್ಞರಿಗೆ ಕೊಟ್ಟು ಹೋಲಿಸಿ ನೋಡಿತು: ವಿಕಿಪೀಡಿಯದಲ್ಲಿ 162 ತಪ್ಪು, ಬ್ರಿಟಾನಿಕಾದಲ್ಲಿ 123. ಬ್ರಿಟಾನಿಕಾ ಆ ಹೋಲಿಕೆಯನ್ನು ಒಪ್ಪದೆ ಜಗಳಕ್ಕೆ ನಿಂತಿತು. ಆದರೂ ಅಚ್ಚಿನ ಗ್ರಂಥವೂ ಕಣ್ಣುಮುಚ್ಚಿ ನಂಬುವಂಥದ್ದಲ್ಲ ಎಂಬುದು ಓದುಗರಿಗೆ ತಿಳಿಯಿತು.

ನಮ್ಮಲ್ಲೂ ಈ ಕೆಲಸಕ್ಕೆ ಹಳೆಯ ಪರಂಪರೆಯಿದೆ. ಮುಂದೆ ಮೈಸೂರು ಗೆಜೆಟಿಯರನ್ನು ಸಂಪಾದಿಸಿದ ಸಿ. ಹಯವದನರಾಯರು 1915ರಲ್ಲಿಯೇ ಭಾರತೀಯ ಜೀವನಚರಿತ್ರೆಗಳ ಒಂದು ಕೋಶವನ್ನು ಇಂಗ್ಲಿಷಿನಲ್ಲಿ ಹೊರತಂದರು. ಚಂದಾವರಕರ್ ಆಗ ಬದುಕಿದ್ದರು. ಅವರು 1921ರಲ್ಲಿ ಬೊಂಬಾಯಿ ಶಾಸನ ಪರಿಷತ್ತಿನ ಅಧ್ಯಕ್ಷರಾಗುವುದು ಇನ್ನೂ ದೂರವಿತ್ತು. ಬದುಕಿದ್ದವರ ಬಗ್ಗೆ ಬರೆದ ಕೋಶಗಳಲ್ಲಿ ಹುದ್ದೆ, ಪದವಿ, ತಾರೀಖುಗಳು ಸಾಮಾನ್ಯವಾಗಿ ಗಟ್ಟಿಯಾಗಿರುತ್ತವೆ, ಜಗಳಗಳು ಮಾತ್ರ ಕಾಣಿಸುವುದಿಲ್ಲ. ಅಂಥ ಗ್ರಂಥವನ್ನು ತಾರೀಖಿಗೆ ನಂಬಿ, ತೀರ್ಮಾನಕ್ಕೆ ಬೇರೆ ಕಡೆ ನೋಡುವುದು ಒಳ್ಳೆಯದು. ತೀರ್ಪುಗಳಿಗೆ ಆ ಕಾಲದ ಲಾ ರಿಪೋರ್ಟುಗಳಿವೆ, ಭಾಷಣಗಳಿಗೆ ಕಾಂಗ್ರೆಸ್ ವರದಿಗಳಿವೆ. ಇವುಗಳಲ್ಲಿ ಬಹುಪಾಲು ಈಗ ಸ್ಕ್ಯಾನ್ ಆಗಿ, ಮೊಬೈಲಿನಲ್ಲಿಯೇ ಸಿಗುತ್ತವೆ. ಹಿಂದೆ ಮುಂಬಯಿಗೋ ಮದ್ರಾಸಿಗೋ ಹೋಗಿ ಗ್ರಂಥಾಲಯದಲ್ಲಿ ವಾರಗಟ್ಟಲೆ ಕೂರಬೇಕಿದ್ದ ಕೆಲಸ ಇಂದು ಕನಕಪುರದ ಬಸ್ಸಿನಲ್ಲಿ ಉಯ್ಯಂಬಳ್ಳಿಗೆ ಹೋಗುವಷ್ಟರಲ್ಲಿ ಶುರುವಾಗಿಬಿಡುತ್ತದೆ.

ಹೋಬಳಿಯ ಹೆಸರು ಬರೆದ ಹಳೆಯ ಕ್ರಯಪತ್ರ ಮನೆಯಲ್ಲಿ ಕಂಡವರಿಗೆ ಈ ಕೆಲಸದ ಅರ್ಧ ಗೊತ್ತೇ ಇರುತ್ತದೆ. ಪತ್ರದಲ್ಲಿ ಕಾನಕಾನಹಳ್ಳಿ ತಾಲ್ಲೂಕು ಎಂದಿರುತ್ತದೆ, ಪಹಣಿಯಲ್ಲಿ ಕನಕಪುರ ಎಂದಿರುತ್ತದೆ. ಎರಡೂ ಒಂದೇ ಜಮೀನು ಎಂದು ತೋರಿಸಲು ಸರ್ವೆ ನಂಬರು, ಚೆಕ್ಕುಬಂದಿ ಹಿಡಿದು ಹೋಲಿಸುತ್ತಾರೆ. ಯಾವುದೋ ಒಂದು ಕಾಗದವನ್ನು ಮಾತ್ರ ನಂಬಿ ಜಮೀನು ಕೊಳ್ಳುವವರಿಲ್ಲ. ಚಂದಾವರಕರರ ನಮೂದಿನ ಮೇಲೂ ಆಗಬೇಕಾದದ್ದು ಅಂಥದೇ ಹೋಲಿಕೆ.

ಆ ಹೋಲಿಕೆ ಮುಗಿಸಿ ಮೊದಲಿನ ಮಾದರಿ ಸಾಲನ್ನು ತಿದ್ದಿ ಬರೆದರೆ ಹೀಗಾಗುತ್ತದೆ: “ನಾರಾಯಣ ಗಣೇಶ ಚಂದಾವರಕರ್ (2 ಡಿಸೆಂಬರ್ 1855 – 14 ಮೇ 1923) ಆಗಿನ ಮದ್ರಾಸ್ ಪ್ರಾಂತ್ಯದ ಕೆನರಾ ಜಿಲ್ಲೆಗೆ ಸೇರಿದ್ದ, ಇಂದಿನ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಸಾರಸ್ವತ ಕುಟುಂಬದಲ್ಲಿ ಜನಿಸಿ, ಮುಂಬಯಿಯಲ್ಲಿ ವಕೀಲಿ, ಪತ್ರಿಕೆ, ರಾಜಕೀಯ ಮತ್ತು ಸಮಾಜ ಸುಧಾರಣೆಯಲ್ಲಿ ತೊಡಗಿದವರು. 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1901ರಲ್ಲಿ ಬೊಂಬಾಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1910ರಲ್ಲಿ ಸರ್ ಪದವಿ ಪಡೆದರು.” ಇದರ ಕೆಳಗೆ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಮನೆಯ ಕಥೆ, ಜಮಖಂಡಿಯ ಶಿಂಧೆಯವರ ಶಾಲೆಗಳು, 1910ರ ಪೀಠ, 1920ರ ಸಭೆ ಒಂದೊಂದಾಗಿ ತಮ್ಮ ಆಧಾರಗಳ ಸಮೇತ ಬಂದು ಕೂರಬೇಕು. ಡಿಸೆಂಬರ್ 28ರ ಹಡಗಿನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಮುಂಬಯಿಯ ಆ ವಾರದ ಪತ್ರಿಕೆ ಸಿಗುವವರೆಗೆ.